ಹಾರರ್ ಸಿನಿಮಾದ ಪಾರ್ಟ್ 2ಗೆ ಸರಿಯಾದ ಚಿತ್ರಕಥೆಗಾರರನ್ನು ಹುಡುಕುವುದು ಹೇಗೆ?

ನಿಮ್ಮ ಹಾರರ್ ಸಿನಿಮಾ ಗೆದ್ದಿದೆ. ಥಿಯೇಟರ್‌ನಲ್ಲಿ ಅಷ್ಟಕ್ಕಷ್ಟೇ ಆದರೂ ಒಟಿಟಿಗೆ ಬಂದ ಮೇಲೆ ಜನ ಹುಡುಕಿಕೊಂಡು ನೋಡಿದ್ದಾರೆ. ದುಡ್ಡು ಹಾಕುವವರೇ ಫೋನ್ ಮಾಡಿ ಪಾರ್ಟ್ 2 ಯಾವಾಗ ಅಂತ ಕೇಳುತ್ತಿದ್ದಾರೆ. ಇಂಥ ಹೊತ್ತಿನಲ್ಲಿ ನಮ್ಮಲ್ಲಿ ಸಾಮಾನ್ಯವಾಗಿ ಮೊದಲು ಫಿಲ್ಮ್ ಚೇಂಬರ್‌ನಲ್ಲಿ ಟೈಟಲ್ ರಿಜಿಸ್ಟರ್ ಆಗುತ್ತದೆ, ಆಮೇಲೆ ಮೋಷನ್ ಪೋಸ್ಟರ್ ಬರುತ್ತದೆ, ಹೀರೋ ಡೇಟ್ಸ್ ಸಿಗುತ್ತದೆ, ಎಲ್ಲಾ ಮುಗಿದ ಮೇಲೆ ಯಾರನ್ನಾದರೂ ಕೂರಿಸಿ ಬರೆಸೋಣ ಅಂತ ಹೊರಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ಬರೆಯುವವರ ಹುಡುಕಾಟವೇ ಮೊದಲ ಕೆಲಸ ಆಗಬೇಕು.

ಯಾಕೆ ಅಂತ ಹೇಳುತ್ತೇನೆ. ಮೊದಲ ಸಿನಿಮಾ ಬರೆದವರಿಗೆ ಒಂದು ದೊಡ್ಡ ಅನುಕೂಲ ಇತ್ತು: ಪ್ರೇಕ್ಷಕರಿಗೆ ಏನೂ ಗೊತ್ತಿರಲಿಲ್ಲ. ಬಾಗಿಲ ಹಿಂದೆ ಯಾರಿದ್ದಾರೆ, ಆ ಶಬ್ದ ಎಲ್ಲಿಂದ ಬರುತ್ತಿದೆ, ಸತ್ತವಳು ಯಾರು. ಅರ್ಧ ಭಯ ಹುಟ್ಟಿದ್ದೇ ಅಲ್ಲಿಂದ. ಎರಡನೇ ಭಾಗಕ್ಕೆ ಟಿಕೆಟ್ ತಗೊಂಡವರಿಗೆ ಇದೆಲ್ಲ ಗೊತ್ತು. ದೆವ್ವದ ಮುಖ ನೋಡಿದ್ದಾರೆ, ಅದರ ಹೆಸರು ಗೊತ್ತು, ಅದರ ಮೀಮ್ ಕೂಡ ಹಂಚಿಕೊಂಡಿದ್ದಾರೆ. ಎಲ್ಲ ಗೊತ್ತಿರುವ ಇವರನ್ನು ಮತ್ತೆ ಹೆದರಿಸಬೇಕು. ಅದು ಬೇರೆಯದೇ ಕಸುಬು. ಒಳ್ಳೆಯ ಹಾರರ್ ಬರೆಯುವವರೆಲ್ಲ ಅದನ್ನು ಮಾಡಲಾರರು, ಮತ್ತು ಅದು ಬಲ್ಲವರು ಕೆಲವೊಮ್ಮೆ ಹಾರರ್ ಬರೆದವರೇ ಆಗಿರುವುದಿಲ್ಲ.

ಹುಡುಕುವ ಮೊದಲು ನೀವೇ ಒಂದು ಹಾಳೆ ಬರೆಯಿರಿ

ಒಂದೇ ಹಾಳೆ ಸಾಕು. ನಿಮ್ಮ ಮೊದಲ ಸಿನಿಮಾದಲ್ಲಿ ಜನ ಯಾವುದಕ್ಕೆ ಹೆದರಿದರು ಅಂತ ಬರೆಯಿರಿ. ದೆವ್ವಕ್ಕೆ ಅಂತ ಬರೆದರೆ ಏನೂ ಬರೆದಂತಾಗಲಿಲ್ಲ. ಒಬ್ಬಂಟಿ ಆಗುವ ಭಯವಾ, ಮನೆಯವರೇ ನಂಬದಿರುವ ಭಯವಾ, ಹೆತ್ತ ಮಗುವೇ ಬೇರೆಯವರಂತೆ ಕಾಣುವ ಭಯವಾ? ಆಮೇಲೆ ಖರ್ಚಾಗಿ ಹೋಗಿರುವುದೇನು ಅಂತ ಬರೆಯಿರಿ. ಮುಖ ತೋರಿಸಿಯಾಗಿದೆ, ಹಿನ್ನೆಲೆ ಕಥೆ ಹೇಳಿಯಾಗಿದೆ, ಆ ಬಾವಿ ದೃಶ್ಯ ಇನ್ನೊಮ್ಮೆ ಬಂದರೆ ಜನ ನಗುತ್ತಾರೆ. ಕೊನೆಗೆ, ಇನ್ನೂ ಉತ್ತರ ಸಿಗದೆ ಉಳಿದಿರುವುದೇನು, ಅದರಲ್ಲಿ ಯಾವುದಕ್ಕೆ ಉತ್ತರ ಕೊಡಲೇಬಾರದು ಅಂತ.

ಈ ಕೊನೆಯ ಮಾತು ಎಷ್ಟು ಮುಖ್ಯ ಅನ್ನುವುದಕ್ಕೆ ಜಪಾನಿನಲ್ಲಿ ಒಂದು ಅಪರೂಪದ ಉದಾಹರಣೆ ಇದೆ. 1998ರ ಜನವರಿ 31ರಂದು ‘ರಿಂಗು’ ಬಿಡುಗಡೆ ಆಯಿತು. ಅದರ ಮುಂದುವರಿದ ಭಾಗ ‘ರಾಸೆನ್’ ಕೂಡ ಅದೇ ದಿನ, ಜೊತೆಯಲ್ಲೇ ಬಂತು. ಎರಡಕ್ಕೂ ಮೂಲ ಕೋಜಿ ಸುಜುಕಿ ಅವರ ಕಾದಂಬರಿಗಳು, ಆದರೆ ಬರೆದವರು ಬೇರೆ, ನಿರ್ದೇಶಕರೂ ಬೇರೆ. ‘ರಿಂಗು’ ಬರೆದದ್ದು ಹಿರೋಶಿ ತಾಕಾಹಾಶಿ. ಟಿವಿಯಿಂದ ಹೊರಬರುವ ದೆವ್ವ ಸಡಾಕೋ ಯಾಕೆ ಹಾಗೆ, ಅವಳ ಶಾಪದ ವಿಡಿಯೋ ಟೇಪ್ ನೋಡಿದವರನ್ನು ಹೇಗೆ ಕೊಲ್ಲುತ್ತದೆ ಅನ್ನುವುದನ್ನು ಅವರು ಪೂರ್ತಿ ಬಿಡಿಸಲಿಲ್ಲ. ‘ರಾಸೆನ್’ ಕಾದಂಬರಿಯ ಜಾಡು ಹಿಡಿದು ವೈರಸ್, ಡಿಎನ್‌ಎ ಅಂತ ಶಾಪಕ್ಕೆ ವಿಜ್ಞಾನದ ವಿವರಣೆ ಕೊಟ್ಟಿತು. ಮೊದಲನೆಯದು ದೊಡ್ಡ ಹಿಟ್ ಆಯಿತು, ಎರಡನೆಯದು ಸೋತಿತು. ಮರುವರ್ಷ ತಾಕಾಹಾಶಿ ಅವರಿಂದಲೇ ‘ರಿಂಗು 2’ ಬರೆಸಿದರು, ಅದರಲ್ಲಿ ‘ರಾಸೆನ್’ ನಡೆದೇ ಇಲ್ಲ ಎಂಬಂತೆ ಕಥೆ ಮುಂದುವರಿಯಿತು. ಒಂದೇ ದೆವ್ವ, ಒಂದೇ ಮೂಲ, ಒಂದೇ ದಿನದ ಬಿಡುಗಡೆ. ಹೆದರಿಸುವುದು ಯಾವುದು, ವಿವರಿಸುವುದು ಯಾವುದು ಅನ್ನುವ ವ್ಯತ್ಯಾಸ ಇಷ್ಟು ಸ್ಪಷ್ಟವಾಗಿ ಬೇರೆಲ್ಲೂ ಸಿಗುವುದಿಲ್ಲ ಅನ್ನಿಸುತ್ತದೆ ನನಗೆ.

ಹಕ್ಕು ಯಾರ ಬಳಿ ಇದೆ?

ಯಾರಿಗಾದರೂ ಫೋನ್ ಮಾಡುವ ಮುಂಚೆ ಹಳೆ ಅಗ್ರಿಮೆಂಟ್ ತೆಗೆದು ಓದಿ. ಸೀಕ್ವೆಲ್, ಪ್ರೀಕ್ವೆಲ್, ಪಾತ್ರಗಳ ಮೇಲಿನ ಹಕ್ಕು ನಿಮಗೆ ಬಂದಿದೆಯಾ? ಗೆಳೆತನದ ಮೇಲೆ ಸುಮ್ನೆ ಒಂದು ಹಾಳೆಯಲ್ಲಿ ಮುಗಿಸಿದ್ದರೆ ಈಗಲೇ ಕೂತು ಸರಿ ಮಾಡಿಕೊಳ್ಳಿ. ಅಮೆರಿಕದಲ್ಲಿ 1980ರ ‘ಫ್ರೈಡೇ ದಿ 13ತ್’ ಬರೆದ ವಿಕ್ಟರ್ ಮಿಲ್ಲರ್, ಅಲ್ಲಿನ ಕಾನೂನು 35 ವರ್ಷದ ನಂತರ ಲೇಖಕರಿಗೆ ಕೊಡುವ ಅವಕಾಶ ಬಳಸಿ ಮೂಲ ಚಿತ್ರಕಥೆಯ ಅಮೆರಿಕದ ಹಕ್ಕು ವಾಪಸ್ ಕೇಳಿದರು. 2018ರಲ್ಲಿ ಕೋರ್ಟ್ ಅವರ ಪರ ತೀರ್ಪು ಕೊಟ್ಟಿತು, 2021ರಲ್ಲಿ ಮೇಲಿನ ಕೋರ್ಟ್ ಅದನ್ನೇ ಎತ್ತಿಹಿಡಿಯಿತು. ನಮ್ಮ ಕಾನೂನು ಬೇರೆ. ಆದರೆ ಕಾಗದ ಸರಿ ಇಲ್ಲದಿದ್ದರೆ ಎಷ್ಟು ದೊಡ್ಡ ಹೆಸರಿನ ಸರಣಿಯಾದರೂ ನಿಂತುಬಿಡುತ್ತದೆ.

ಮೊದಲ ಭಾಗ ಬರೆದವರೇ ಬೇಕಾ?

ಎಲ್ಲರೂ ಮೊದಲು ಯೋಚಿಸುವುದು ಇದನ್ನೇ. ನನ್ನ ಉತ್ತರ: ಮೊದಲು ಅವರನ್ನೇ ಕೇಳಿ, ಆದರೆ ಕಣ್ಣುಮುಚ್ಚಿ ಒಪ್ಪಬೇಡಿ.

‘ದಿ ಎಕ್ಸಾರ್ಸಿಸ್ಟ್’ ವಿಷಯ ನೋಡಿ. 1973ರ ಸಿನಿಮಾಗೆ ಕಾದಂಬರಿಯೂ ಚಿತ್ರಕಥೆಯೂ ವಿಲಿಯಂ ಪೀಟರ್ ಬ್ಲಾಟಿ ಅವರದ್ದೇ, ಚಿತ್ರಕಥೆಗೆ ಆಸ್ಕರ್ ಕೂಡ ಬಂತು. 1977ರ ಎರಡನೇ ಭಾಗವನ್ನು ಬೇರೆಯವರು ಬರೆದರು, ಅದನ್ನೂ ಮತ್ತೆ ಮತ್ತೆ ತಿದ್ದಿ ಬರೆದರು, ಬಂದ ಮೇಲೆ ವಿಮರ್ಶಕರು ಪ್ರೇಕ್ಷಕರು ಇಬ್ಬರೂ ಬೈದರು. 1990ರಲ್ಲಿ ಬ್ಲಾಟಿ ತಮ್ಮದೇ ‘ಲೀಜನ್’ ಕಾದಂಬರಿ ಇಟ್ಟುಕೊಂಡು ಮೂರನೇ ಭಾಗ ಬರೆದು ನಿರ್ದೇಶಿಸಿದರು. ಅದರಲ್ಲಿ ಆಸ್ಪತ್ರೆಯ ಉದ್ದ ಕಾರಿಡಾರ್‌ನ ಒಂದು ದೃಶ್ಯ ಇದೆ. ಕ್ಯಾಮೆರಾ ದೂರದಲ್ಲಿ ಅಲ್ಲಾಡದೆ ನಿಂತಿರುತ್ತದೆ, ನರ್ಸ್ ಓಡಾಡುತ್ತಾಳೆ, ಬಾಗಿಲು ತೆರೆದು ಮುಚ್ಚುತ್ತಾಳೆ, ತುಂಬಾ ಹೊತ್ತು ಏನೂ ಆಗುವುದಿಲ್ಲ. ಹಾರರ್ ಬರೆಯಲು ಹೊರಟ ಯಾರೇ ಆದರೂ ಅದನ್ನೊಮ್ಮೆ ನೋಡಲೇಬೇಕು. ಆದರೆ ಸ್ಟುಡಿಯೋದವರು ಹೆಸರಿನಲ್ಲಿ ಎಕ್ಸಾರ್ಸಿಸ್ಟ್ ಇದೆ, ದೆವ್ವ ಬಿಡಿಸುವ ದೃಶ್ಯ ಇರಲೇಬೇಕು ಅಂತ ಹಟ ಹಿಡಿದು ಕ್ಲೈಮ್ಯಾಕ್ಸ್ ಮತ್ತೆ ಶೂಟ್ ಮಾಡಿಸಿದರು. ಸರಿಯಾದವರನ್ನು ಆರಿಸಿದ ಮೇಲೆ ಅವರ ಕೈ ಕಟ್ಟಿದರೆ ಆರಿಸಿದ್ದಕ್ಕೆ ಅರ್ಥ ಏನು ಬಂತು?

ಇದಕ್ಕೆ ಉಲ್ಟಾ ‘ಹ್ಯಾಲೋವೀನ್’. 1978ರ ಮೊದಲ ಭಾಗ ಬರೆದ ಜಾನ್ ಕಾರ್ಪೆಂಟರ್ ಮತ್ತು ಡೆಬ್ರಾ ಹಿಲ್ ಜೋಡಿಯೇ 1981ರ ಎರಡನೆಯದನ್ನೂ ಬರೆದರು. ಹೇಳಲು ಕಥೆ ಉಳಿದಿರಲಿಲ್ಲ ಎಂಬರ್ಥದ ಮಾತನ್ನು ಕಾರ್ಪೆಂಟರ್ ಆಮೇಲೆ ಹೇಳಿಕೊಂಡಿದ್ದಾರೆ. ಅದಕ್ಕೇ ಕೊಲೆಗಾರ ಮತ್ತು ನಾಯಕಿ ಅಣ್ಣ ತಂಗಿ ಅಂತ ಒಂದು ತಿರುವು ತಂದರು. ಮೊದಲ ಭಾಗದಲ್ಲಿ ಅವನು ಯಾವ ಕಾರಣವೂ ಇಲ್ಲದೆ ಬರುತ್ತಿದ್ದ, ಹಾಗಾಗಿ ಅವನು ಯಾರ ಮನೆಗಾದರೂ ಬರಬಹುದಿತ್ತು. ಕಾರಣ ಸಿಕ್ಕ ಕೂಡಲೇ ಉಳಿದವರೆಲ್ಲ ಸೇಫ್ ಆಗಿಬಿಟ್ಟರು, ಅಲ್ವಾ? 2018ರ ‘ಹ್ಯಾಲೋವೀನ್’ ಸಿನಿಮಾ ಬರೆದವರು ಮಾಡಿದ ಮೊದಲ ಕೆಲಸಗಳಲ್ಲಿ ಒಂದು, ಆ ಅಣ್ಣ ತಂಗಿ ಸಂಬಂಧವನ್ನು ಕಿತ್ತು ಹಾಕಿದ್ದು.

ಹಾಗಾಗಿ ಹಳೆ ಬರಹಗಾರರ ಜೊತೆ ಕೂತಾಗ ನೇರವಾಗಿ ಕೇಳಿ: ನಿಮಗೆ ಈ ಕಥೆಯಲ್ಲಿ ಇನ್ನೂ ಹೇಳುವುದು ಇದೆಯಾ? ಒಲ್ಲದ ಮನಸ್ಸಿನಿಂದ ಒಪ್ಪಿಕೊಂಡರೆ ಅದು ಮುಖದಲ್ಲೇ ಗೊತ್ತಾಗುತ್ತದೆ. ಆಗ ಅವರಿಗೆ ಗೌರವಕ್ಕೆ ತಕ್ಕ ಸಂಭಾವನೆ ಮತ್ತು ಕ್ರೆಡಿಟ್ ಕೊಟ್ಟು, ಸಲಹೆಗಾರರಾಗಿ ಇಟ್ಟುಕೊಂಡು ಬೇರೆಯವರನ್ನು ಹುಡುಕಿ.

ನಮ್ಮ ಕನ್ನಡದ ದೊಡ್ಡ ಉದಾಹರಣೆ ಎಲ್ಲರಿಗೂ ಗೊತ್ತು. 2004ರ ‘ಆಪ್ತಮಿತ್ರ’, 2010ರ ‘ಆಪ್ತರಕ್ಷಕ’, ಎರಡಕ್ಕೂ ಪಿ. ವಾಸು ಅವರೇ. ಮೊದಲನೆಯದಕ್ಕೆ ಮಲಯಾಳಂನ ‘ಮಣಿಚಿತ್ರತಾಳ್’ ಆಧಾರ ಇತ್ತು, ಎರಡನೆಯದಕ್ಕೆ ಅಂಥ ಆಧಾರ ಇರಲಿಲ್ಲ. ಅವರು ಡಾಕ್ಟರ್ ವಿಜಯ್ ಪಾತ್ರವನ್ನು ಉಳಿಸಿಕೊಂಡರು, ನಾಗವಲ್ಲಿಯನ್ನು ಚಿತ್ರಪಟದ ಮೂಲಕ ಬೇರೆ ಮನೆಗೆ ಕಳಿಸಿದರು, ವಿಷ್ಣುವರ್ಧನ್ ಅವರನ್ನೇ ರಾಜನ ಪಾತ್ರಕ್ಕೂ ತಂದರು. ಯಾವುದು ಉಳಿಯಬೇಕು, ಯಾವುದು ಜಾಗ ಬದಲಿಸಬೇಕು ಅನ್ನುವ ಲೆಕ್ಕ ಅಲ್ಲಿ ಚೆನ್ನಾಗಿ ಕಾಣುತ್ತದೆ.

ಹೊರಗಿನವರು ಎಲ್ಲಿ ಸಿಗುತ್ತಾರೆ?

ಹೊರಗಿನವರು ಅಂದ ತಕ್ಷಣ ಹಾರರ್ ಬರೆದು ಹೆಸರು ಮಾಡಿದವರ ಪಟ್ಟಿ ಹಿಡಿಯುತ್ತಾರೆ. ಅಷ್ಟಕ್ಕೇ ನಿಲ್ಲಬೇಡಿ. ‘ಏಲಿಯನ್’ 1979ರಲ್ಲಿ ಬಂತು, ಕತ್ತಲ ಅಂತರಿಕ್ಷ ಹಡಗು, ಒಂದೇ ಪ್ರಾಣಿ. ಅದರ ಮುಂದಿನ ಭಾಗ ಬರೆಯುವ ಅವಕಾಶ ಜೇಮ್ಸ್ ಕ್ಯಾಮೆರಾನ್ ಅವರಿಗೆ ಸಿಕ್ಕಿದ್ದು ಅವರ ‘ಟರ್ಮಿನೇಟರ್’ ಸ್ಕ್ರಿಪ್ಟನ್ನು ನಿರ್ಮಾಪಕರು ಓದಿದ ಮೇಲೆ, ಆ ಸಿನಿಮಾ ತೆರೆಗೆ ಬರುವ ಮೊದಲೇ. 1986ರ ‘ಏಲಿಯನ್ಸ್’ನಲ್ಲಿ ಅವರು ಸೈನಿಕರನ್ನು ತಂದರು, ಪ್ರಾಣಿಗಳ ಸಂಖ್ಯೆ ಜಾಸ್ತಿ ಮಾಡಿದರು. ಅದನ್ನು ಯಾರು ಬೇಕಾದರೂ ಮಾಡುತ್ತಿದ್ದರು. ಮೊದಲ ಭಾಗದಲ್ಲಿ ಬದುಕುಳಿದ ನಾಯಕಿ ರಿಪ್ಲಿ ರಾತ್ರಿ ಬೆಚ್ಚಿ ಏಳುವುದು, ಅವಳ ಮಾತನ್ನು ಕಂಪನಿಯವರು ನಂಬದಿರುವುದು, ಅನಾಥ ಹುಡುಗಿಯೊಬ್ಬಳು ಅವಳ ಕೈಗೆ ಬರುವುದು, ಇವು ಮಾತ್ರ ಎಲ್ಲರಿಗೂ ಹೊಳೆಯುವಂಥವಲ್ಲ. ಮೊದಲ ಸಿನಿಮಾ ಆ ಹೆಣ್ಣಿಗೆ ಏನು ಮಾಡಿತು ಅಂತ ಯೋಚಿಸಿದವರಿಗೆ ಮಾತ್ರ ಹೊಳೆಯುತ್ತದೆ.

ಮೊದಲ ಭಾಗ ಅಷ್ಟೇನೂ ಚೆನ್ನಾಗಿಲ್ಲದಿದ್ದರೂ ದಾರಿ ಇದೆ. 2014ರ ‘ವಿಜಾ’ ಸಿನಿಮಾವನ್ನು ವಿಮರ್ಶಕರು ಮೆಚ್ಚಲಿಲ್ಲ. ಅದರ ಹಿಂದಿನ ಕಥೆಯನ್ನು 2016ರಲ್ಲಿ ಮೈಕ್ ಫ್ಲಾನಗನ್ ಮತ್ತು ಜೆಫ್ ಹೋವರ್ಡ್ ಬರೆದರು. ಇಬ್ಬರೂ ಅದಕ್ಕೂ ಮೊದಲು ‘ಆಕ್ಯುಲಸ್’ ಎಂಬ ಸಣ್ಣ ಬಜೆಟ್ ಸಿನಿಮಾ ಬರೆದಿದ್ದರು. 1967ರ ಲಾಸ್ ಏಂಜಲೀಸ್, ಆತ್ಮಗಳ ಜೊತೆ ಮಾತಾಡುವಂತೆ ನಾಟಕ ಮಾಡಿ ಹೊಟ್ಟೆ ಹೊರೆಯುವ ವಿಧವೆ ತಾಯಿ, ಇಬ್ಬರು ಹೆಣ್ಣುಮಕ್ಕಳು. ಮೊದಲನೆಯದಕ್ಕಿಂತ ಎಷ್ಟೋ ಒಳ್ಳೆಯ ಸಿನಿಮಾ ಅಂತ ಎಲ್ಲರೂ ಒಪ್ಪಿದರು. ಹಿಂದಿಯಲ್ಲಿ 2018ರ ‘ಸ್ತ್ರೀ’ ಬರೆದದ್ದು ರಾಜ್ ಮತ್ತು ಡಿಕೆ. 2024ರ ಎರಡನೇ ಭಾಗಕ್ಕೆ ನಿರೇನ್ ಭಟ್ ಬಂದರು. ಅವರು ಪೂರ್ತಿ ಹೊರಗಿನವರೇನಲ್ಲ. ಅದೇ ಲೋಕದ ‘ಭೇಡಿಯಾ’ವನ್ನು ಅದೇ ನಿರ್ದೇಶಕ ಅಮರ್ ಕೌಶಿಕ್ ಅವರಿಗೆ ಬರೆದುಕೊಟ್ಟಿದ್ದರು. ಬರಹಗಾರರನ್ನು ಬದಲಿಸುವುದಾದರೆ ನಿರ್ದೇಶಕರಾದರೂ ಹಳಬರಿರಲಿ ಅನ್ನುವ ಮಾತಿಗೆ ಇದು ಒಳ್ಳೆಯ ಸಾಕ್ಷಿ.

ಕನ್ನಡದಲ್ಲಿ ಹುಡುಕುವುದಾದರೆ ಗಾಂಧಿನಗರದ ಡಿಸ್ಕಷನ್ ರೂಮ್‌ನಾಚೆಗೆ ಹೋಗಿ. ಒಳ್ಳೆಯ ಕಿರುಚಿತ್ರ ಮಾಡಿದವರು, ಆಡಿಯೋ ಕಥೆ ಬರೆಯುವವರು, ನೀನಾಸಂನಂಥ ಕಡೆ ನಾಟಕ ಕಲಿತವರು, ಸಣ್ಣ ಕಥೆ ಬರೆಯುವವರು. ಆಡಿಯೋ ಕಥೆ ಬರೆಯುವವರ ಕಡೆ ನನಗೆ ವಿಶೇಷ ಒಲವು. ಅವರಿಗೆ ಚಿತ್ರದ ಸಹಾಯವಿಲ್ಲದೆ ಬರೀ ಶಬ್ದದಿಂದ ಕೇಳುಗರನ್ನು ಹಿಡಿದಿಡುವುದು ಅಭ್ಯಾಸವಾಗಿರುತ್ತದೆ, ಹಾರರ್‌ಗೆ ಅದಕ್ಕಿಂತ ಬೇರೆ ತರಬೇತಿ ಏನು ಬೇಕು?

ಅವರ ಹಳೆ ಬರಹ ಓದುವಾಗ

ನರೇಶನ್ ಕೇಳಿ ತೀರ್ಮಾನ ಮಾಡಬೇಡಿ. ನಮ್ಮಲ್ಲಿ ಚೆನ್ನಾಗಿ ಕಥೆ ಹೇಳುವವರು ಬಹಳ ಜನ ಇದ್ದಾರೆ, ಬಾಯಲ್ಲೇ ಬಿಜಿಎಂ ಹಾಕಿ ಕೂದಲು ನಿಮಿರುವಂತೆ ಮಾಡುತ್ತಾರೆ. ಹಾಳೆ ಮೇಲೆ ಅದು ಇರುವುದಿಲ್ಲ. ಬರೆದದ್ದನ್ನು ತರಿಸಿ, ಒಬ್ಬರೇ ಕೂತು ಓದಿ.

ಹಗಲಿನ ದೃಶ್ಯಗಳು ಹೇಗಿವೆ ನೋಡಿ. ರಾತ್ರಿ ಹೆದರಿಸುವುದು ಸುಲಭ. ದೆವ್ವ ಬಾರದ ಹದಿನೈದು ಪುಟ ಓದಿಸಿಕೊಂಡು ಹೋಗುತ್ತದಾ? ಆ ಮನೆಯವರು ಅಡುಗೆ ಮಾಡುವುದು, ಜಗಳ ಆಡುವುದು, ಸಾಲದ ಬಗ್ಗೆ ಮಾತಾಡುವುದು ನಿಜ ಅನ್ನಿಸದಿದ್ದರೆ ಅವರು ಸತ್ತರೂ ಯಾರಿಗೂ ಏನೂ ಅನ್ನಿಸುವುದಿಲ್ಲ. ದೆವ್ವಕ್ಕೊಂದು ನಿಯಮ ಇದೆಯಾ, ಅದನ್ನು ಕೊನೆಯವರೆಗೂ ಪಾಲಿಸಿದ್ದಾರಾ ಅನ್ನುವುದನ್ನೂ ನೋಡಿ. ‘ಢಂ ಅಂತ ಸೌಂಡ್’, ‘ಸಡನ್ನಾಗಿ ಮುಖ’ ಅಂತ ಪುಟಪುಟಕ್ಕೂ ಬರೆದಿದ್ದರೆ ಆ ಫೈಲ್ ಪಕ್ಕಕ್ಕಿಡಿ.

ಕೂತು ಮಾತಾಡುವಾಗ

ಮೊದಲ ಸಿನಿಮಾ ಇಷ್ಟ ಆಯ್ತಾ ಅಂತ ಕೇಳಬೇಡಿ, ಎಲ್ಲರೂ ಹೌದು ಅನ್ನುತ್ತಾರೆ. ಅದರಲ್ಲಿ ಏನು ತಪ್ಪಿತ್ತು ಅಂತ ಕೇಳಿ. ಪ್ರೀತಿ ಇಟ್ಟು ನೋಡಿದವರು ತಡವರಿಸದೆ ಹೇಳುತ್ತಾರೆ. ಬದುಕುಳಿದ ಪಾತ್ರ ಈಗ ಬೆಳಗ್ಗೆ ಎದ್ದು ಏನು ಮಾಡುತ್ತಿರಬಹುದು ಅಂತ ಕೇಳಿ. ದೆವ್ವದ ಕಣ್ಣಿನಿಂದ ಮೊದಲ ಭಾಗದ ಕಥೆ ಹೇಳಿ ಅನ್ನಿ. ಎರಡನೇ ಭಾಗದಲ್ಲಿ ನೀವು ಏನನ್ನು ತೋರಿಸುವುದಿಲ್ಲ ಅಂತಲೂ ಕೇಳಿ. ನಾನು ಅತಿ ಹೆಚ್ಚು ಬೆಲೆ ಕೊಡುವುದು ಈ ಕೊನೆಯ ಪ್ರಶ್ನೆಯ ಉತ್ತರಕ್ಕೆ.

ಕೂತ ಹತ್ತು ನಿಮಿಷಕ್ಕೇ “ಈ ಸಲ ಐದು ದೆವ್ವ ಸಾರ್” ಅನ್ನುವವರಿಗೆ ಕಾಫಿ ಕೊಟ್ಟು ಕಳಿಸಿ.

ದುಡ್ಡು ಕೊಟ್ಟು ಒಂದು ಸೀನ್ ಬರೆಸಿ

ಇಬ್ಬರು ಮೂವರಿಗೆ ಇಳಿದ ಮೇಲೆ ಪ್ರತಿಯೊಬ್ಬರಿಂದಲೂ ಒಂದೇ ಸನ್ನಿವೇಶದ ಒಂದು ದೃಶ್ಯ ಬರೆಸಿ. ಫ್ರೀಯಾಗಿ ಬರೆಸಬೇಡಿ. ಆಯ್ಕೆ ಆಗದಿದ್ದರೆ ಆ ದೃಶ್ಯ ಅವರದ್ದೇ ಅಂತ ಮೇಲ್‌ನಲ್ಲಿ ಬರೆದುಕೊಡಿ.

ಹೇಗೆ ಅಂತ ಒಂದು ಕಾಲ್ಪನಿಕ ಉದಾಹರಣೆ ಕಟ್ಟೋಣ. ನಿಮ್ಮ ಮೊದಲ ಸಿನಿಮಾ ತೀರ್ಥಹಳ್ಳಿ ಕಡೆಯ ಹಳೆ ಮನೆಯದು. ಹಲ್ಲಿಲ್ಲದ ಅಜ್ಜಿ ಎಲೆ ಅಡಿಕೆ ಕುಟ್ಟುತ್ತಿದ್ದ ಕಬ್ಬಿಣದ ಕುಟ್ಟಾಣಿ. ಅಜ್ಜಿ ಸತ್ತ ಮೇಲೂ ಟಕ್ ಟಕ್ ಶಬ್ದ ಬರುತ್ತದೆ, ಬಂದ ಮೇಲೆ ಮನೆಯಲ್ಲಿ ಒಂದು ಸಾವು. ಎರಡನೇ ಭಾಗದಲ್ಲಿ ಆ ಮನೆ ಬಿಚ್ಚಿ ಮಾರಿದ್ದಾರೆ, ಕುಟ್ಟಾಣಿ ಬೆಂಗಳೂರಿನ ಫ್ಲ್ಯಾಟ್ ಒಂದರ ಶೋಕೇಸ್‌ಗೆ ಬಂದಿದೆ. ಹೊಸ ಮನೆಯವರಿಗೆ ಮೊದಲ ಸಲ ಆ ಶಬ್ದ ಕೇಳುವ ದೃಶ್ಯ ಬರೆಯಬೇಕು. ಮೂರು ಪುಟ ಮೀರಬಾರದು, ಅಜ್ಜಿ ಕಾಣಬಾರದು.

ಒಬ್ಬರು ಹೀಗೆ ಬರೆದು ತರುತ್ತಾರೆ: ರಾತ್ರಿ ಎರಡು ಗಂಟೆ, ಕರೆಂಟ್ ಹೋಗಿದೆ, ಗುಡುಗು, ನಾಲ್ಕೂ ದಿಕ್ಕಿನಿಂದ ಟಕ್ ಟಕ್, ಕುಟ್ಟಾಣಿಯಿಂದ ರಕ್ತ ಉಕ್ಕುತ್ತದೆ. ಇನ್ನೊಬ್ಬರದ್ದು ಮಧ್ಯಾಹ್ನ. ಮನೆಯಾಕೆ ಆಫೀಸ್ ಕಾಲ್‌ನಲ್ಲಿದ್ದಾಳೆ. ಟಕ್ ಟಕ್. ಮೇಲಿನ ಮನೆಯವರು ಬೆಳ್ಳುಳ್ಳಿ ಜಜ್ಜುತ್ತಿದ್ದಾರೆ ಅಂದುಕೊಂಡು ಅಪಾರ್ಟ್‌ಮೆಂಟ್ ವಾಟ್ಸಾಪ್ ಗ್ರೂಪ್‌ನಲ್ಲಿ ಸ್ವಲ್ಪ ನಿಲ್ಲಿಸ್ತೀರಾ ಅಂತ ಹಾಕುತ್ತಾಳೆ. ಶಬ್ದ ನಿಲ್ಲುತ್ತದೆ. ಥ್ಯಾಂಕ್ಸ್ ಅಂತ ಹಾಕುತ್ತಾಳೆ. ಮಗಳು ಬಂದು ಪಕ್ಕದಲ್ಲಿ ನಿಲ್ಲುತ್ತಾಳೆ, ತುಟಿಯೆಲ್ಲ ಕೆಂಪು. “ಅಮ್ಮನ ಲಿಪ್‌ಸ್ಟಿಕ್ ಮುಟ್ಟಬೇಡ ಅಂತ ಎಷ್ಟು ಸಲ ಹೇಳೋದು?” ಅಂತ ಮೆಲ್ಲಗೆ ಗದರಿ ಮತ್ತೆ ಕಾಲ್‌ಗೆ ತಿರುಗುತ್ತಾಳೆ. ಮೇಜಿನ ಮೇಲೆ ಫೋನ್ ಬೆಳಗುತ್ತದೆ: ನಾವು ಊರಲ್ಲಿಲ್ಲ.

ಎರಡನೆಯವರು ಗೊತ್ತಿರುವ ಪ್ರೇಕ್ಷಕರನ್ನು ನಂಬಿ ಬರೆದಿದ್ದಾರೆ. ಆ ಹೆಂಗಸಿಗೆ ಏನೂ ಗೊತ್ತಿಲ್ಲ, ಸೀಟಿನಲ್ಲಿ ಕೂತವರಿಗೆ ಎಲ್ಲ ಗೊತ್ತು, ಕೂಗಿ ಹೇಳಲು ಆಗುವುದಿಲ್ಲ. ಮೊದಲ ಸಿನಿಮಾದಲ್ಲಿ ಈ ಭಯ ಹುಟ್ಟಿಸಲು ಸಾಧ್ಯವೇ ಇರಲಿಲ್ಲ, ಪಾರ್ಟ್ 2ರಲ್ಲಿ ಮಾತ್ರ ಸಾಧ್ಯ. ಇವರನ್ನು ಬಿಡಬೇಡಿ. ಖರ್ಚಿನ ಲೆಕ್ಕದಲ್ಲೂ ನೋಡಿ: ಒಂದು ಫ್ಲ್ಯಾಟ್, ಇಬ್ಬರು ನಟರು, ಒಂದು ಫೋನ್.

ಅಗ್ರಿಮೆಂಟ್

ವಕೀಲರಿಗೆ ತೋರಿಸಿಯೇ ಸಹಿ ಮಾಡಿ. ಕೆಲವು ಸಂಗತಿ ನಿಮಗೂ ಗೊತ್ತಿರಲಿ. 1957ರ ಕೃತಿಸ್ವಾಮ್ಯ ಕಾಯ್ದೆ ಪ್ರಕಾರ ಹಕ್ಕು ಎಷ್ಟು ವರ್ಷಕ್ಕೆ ಅಂತ ಬರೆಯದಿದ್ದರೆ 5 ವರ್ಷ ಅಂತ ಲೆಕ್ಕ, ಎಲ್ಲೆಲ್ಲಿಗೆ ಅಂತ ಬರೆಯದಿದ್ದರೆ ಭಾರತಕ್ಕೆ ಮಾತ್ರ. ಬೇರೆ ರೀತಿ ಬರೆದುಕೊಳ್ಳದಿದ್ದರೆ, ಒಂದು ವರ್ಷದೊಳಗೆ ಬಳಸದ ಹಕ್ಕು ಬಿದ್ದುಹೋಗುತ್ತದೆ. ಹಾರರ್ ಸಿನಿಮಾಗಳು ಡೇಟ್ಸ್‌ಗೆ, ಫೈನಾನ್ಸ್‌ಗೆ ಕಾಯುತ್ತಾ ವರ್ಷಗಟ್ಟಲೆ ನಿಲ್ಲುವುದುಂಟು, ಹಾಗಾಗಿ ಇದನ್ನು ಮರೆಯಬೇಡಿ. 2012ರ ತಿದ್ದುಪಡಿ ಬಂದ ಮೇಲೆ ಥಿಯೇಟರ್ ಪ್ರದರ್ಶನ ಬಿಟ್ಟು ಬೇರೆ ಬಳಕೆಗೆ ಲೇಖಕರಿಗೆ ರಾಯಲ್ಟಿಯ ಹಕ್ಕಿದೆ, ಅದನ್ನು ನಿರ್ಮಾಪಕರಿಗೆ ಬಿಟ್ಟುಕೊಟ್ಟಂತೆ ಬರೆಸಿಕೊಂಡರೂ ನಡೆಯುವುದಿಲ್ಲ.

ಪೇಮೆಂಟ್ ಹಂತ ಹಂತವಾಗಿ ಇರಲಿ: ಅಡ್ವಾನ್ಸ್, ಒನ್‌ಲೈನ್ (ದೃಶ್ಯಗಳ ಚುಟುಕು ಪಟ್ಟಿ), ಮೊದಲ ಡ್ರಾಫ್ಟ್, ಎರಡನೇ ಡ್ರಾಫ್ಟ್, ಬೌಂಡ್ ಸ್ಕ್ರಿಪ್ಟ್ (ಶೂಟಿಂಗ್‌ಗೆ ಸಿದ್ಧವಾದ ಪೂರ್ತಿ ಪ್ರತಿ). ಒಟ್ಟು ಎಷ್ಟು ಸಲ ತಿದ್ದಿಕೊಡಬೇಕು ಅಂತ ಬರೆಯಿರಿ, ಇಲ್ಲದಿದ್ದರೆ ಅದು ಮುಗಿಯುವುದೇ ಇಲ್ಲ. ಕಥೆ, ಚಿತ್ರಕಥೆ, ಸಂಭಾಷಣೆ ಕ್ರೆಡಿಟ್ ಯಾರ್ಯಾರದ್ದು ಅಂತ ಬೇರೆ ಬೇರೆಯಾಗಿ ಬರೆಯಿರಿ. ನಿರ್ದೇಶನದ ಜೊತೆ ಈ ಮೂರನ್ನೂ ನಿರ್ದೇಶಕರ ಹೆಸರಿನಲ್ಲೇ ಹಾಕಿಕೊಳ್ಳುವ ಚಾಳಿ ನಮ್ಮಲ್ಲಿದೆ, ಅದರಿಂದಲೇ ಎಷ್ಟೋ ಒಳ್ಳೆಯ ಬರಹಗಾರರು ಎರಡನೇ ಸಿನಿಮಾಕ್ಕೆ ಸಿಗುವುದಿಲ್ಲ. ಗುಟ್ಟು ಕಾಯುವ ಷರತ್ತೂ ಇರಲಿ. 1997ರ ‘ಸ್ಕ್ರೀಮ್ 2’ ಸ್ಕ್ರಿಪ್ಟ್ ಇಂಟರ್‌ನೆಟ್‌ನಲ್ಲಿ ಸೋರಿಕೆಯಾಗಿ ಕಥೆಯನ್ನು ತಿದ್ದಿ ಬರೆಯಬೇಕಾಯಿತು. ಈಗಂತೂ ಒಂದು ವಾಟ್ಸಾಪ್ ಫಾರ್ವರ್ಡ್ ಸಾಕು.

ಮೊದಲ ಡ್ರಾಫ್ಟ್ ಬಂದ ಮೇಲೆ

ಅದನ್ನು ಇಬ್ಬರಿಗೆ ಓದಲು ಕೊಡಿ. ಒಬ್ಬರು ಮೊದಲ ಸಿನಿಮಾ ನೋಡಿ ಮೆಚ್ಚಿದವರು, ಇನ್ನೊಬ್ಬರು ಅದರ ಹೆಸರೂ ಕೇಳದವರು. ಹೆಸರೂ ಕೇಳದವರಿಗೆ ಕಥೆ ಅರ್ಥವಾಗಬೇಕು. ಮೆಚ್ಚಿದವರಿಗೆ, ಮುಂದೇನಾಗುತ್ತದೆ ಅಂತ ಮೊದಲೇ ಗೊತ್ತಾದ ಪುಟಗಳ ಪಕ್ಕ ಪೆನ್ಸಿಲ್ ಗುರುತು ಹಾಕಲು ಹೇಳಿ. ಆ ಗುರುತು ಹಾಕಿದ ಪ್ರತಿಯನ್ನು ಹಾಗೇ ಬರಹಗಾರರ ಕೈಗೆ ಕೊಡಿ. ಫೈನಾನ್ಷಿಯರ್, ಹೀರೋ, ಹೀರೋನ ಗೆಳೆಯರು ಎಲ್ಲರ ಸಲಹೆಯೂ ನೇರವಾಗಿ ಬರಹಗಾರರಿಗೆ ಹೋಗದಂತೆ ನೋಡಿಕೊಳ್ಳಿ, ಒಬ್ಬರೇ ಒಬ್ಬರ ಮೂಲಕ ಹೋಗಲಿ. ಮತ್ತು ನೀವು ಮೊದಲು ಬರೆದಿಟ್ಟ ಆ ಒಂದು ಹಾಳೆಯ ಪ್ರತಿ ಎಲ್ಲರ ಬಳಿಯೂ ಇರಲಿ, ಉತ್ತರ ಕೊಡಬಾರದು ಅಂತ ಗುರುತಿಸಿದ ಪ್ರಶ್ನೆಗೆ ಯಾರಾದರೂ ಉತ್ತರ ತುರುಕಲು ಬಂದಾಗ ತೋರಿಸಲು ಬೇಕಾಗುತ್ತದೆ.